ಗಂಟೆ ಇಲ್ಲದ ಗುರುವಾರ

ನಮ್ಮ ಚರ್ಚಿನ ಚರಿತ್ರೆ ಬರೆದುಕೊಡಿ ಎಂದು ಈಗಿನ ಸ್ವಾಮಿಗಳು ಕೇಳಿದರು. ಹಳಬರಲ್ಲಿ ನೆನಪು ನೆಟ್ಟಗಿರುವವಳು ನಾನೊಬ್ಬಳೇ ಎಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಯಾವ ಗುರುಗಳು ಯಾವ ವರ್ಷ ಬಂದರು, ಗೋಡೆಗೆ ಕಲ್ಲು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿಲ್ಲ. ಅದೆಲ್ಲ ಅವರ ಕಪಾಟಿನಲ್ಲೇ ಇದೆ. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ಗುರುವಾರ. ಅದನ್ನು ಬರೆಯುತ್ತೇನೆ. ಬೇಕಾದರೆ ಇಟ್ಟುಕೊಳ್ಳಲಿ, ಬೇಡವಾದರೆ ಬಿಡಲಿ.

ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆ ಇದೆಯಲ್ಲ, ಅದರಿಂದ ನಾಲ್ಕು ಗದ್ದೆ ಒಳಗೆ ನಮ್ಮೂರು. ಶಿವನಸಮುದ್ರದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾದು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಹರಳೆಣ್ಣೆಯ ದೀಪ. ಅದು ಯುದ್ಧದ ಕಾಲ, ಸೀಮೆಎಣ್ಣೆಗೂ ರೇಷನ್ನು. ಊರಿನ ನೂರು ಮನೆಗಳಲ್ಲಿ ಹತ್ತು ಹನ್ನೆರಡು ಮನೆ ನಮ್ಮವು, ಕ್ರೈಸ್ತರವು. ನಾವು ಯಾವಾಗ ಈ ಮತಕ್ಕೆ ಬಂದೆವು ಎಂದು ಕೇಳಿದರೆ ನನ್ನ ಅಜ್ಜಿ, "ಮೊದ್ಲಿಂದ್ಲೂ ಇಂಗೇ ಕಣೆ" ಎಂದು ಮುಗಿಸಿಬಿಡುತ್ತಿದ್ದಳು. ಅವಳ ಮಾತೆಲ್ಲ ಹಾಗೆಯೇ, ಕಡ್ಡಿ ಮುರಿದಂತೆ.

ಚರ್ಚು ಎಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಶಾಲೆಯೂ ಅದೇ. ಬೆಳಗಿನ ಪೂಜೆ ಮುಗಿದ ಮೇಲೆ ಪೀಠದ ಮುಂದೆ ಪರದೆ ಎಳೆದರೆ ಚರ್ಚು ಹೋಗಿ ಶಾಲೆಯಾಗುತ್ತಿತ್ತು. ಪರದೆಯ ಆಚೆ ದೇವರು, ಈಚೆ ಮಗ್ಗಿ. ಹದಿನಾರರ ಮಗ್ಗಿಯಲ್ಲಿ ಸಿಕ್ಕಿಬಿದ್ದಾಗ ಆಚೆಯಿಂದ ಸಹಾಯ ಬಂದೀತೆಂದು ನಾನು ಎಷ್ಟೋ ಸಲ ಕಾದಿದ್ದೇನೆ, ಬರಲಿಲ್ಲ. ಅಂಗಳದ ಹೊಂಗೆ ಮರದ ಪಕ್ಕ ಎರಡು ಕಲ್ಲುಕಂಬಗಳ ನಡುವೆ ಒಂದು ಕಂಚಿನ ಗಂಟೆ ತೂಗುತ್ತಿತ್ತು. ಪೂಜೆಗೂ ಅದೇ, ಸಾವಿಗೂ ಅದೇ, ಶಾಲೆಗೂ ಅದೇ. ಗಡಿಯಾರ ಇದ್ದದ್ದು ಸ್ವಾಮಿಗಳ ಹತ್ತಿರ ಮಾತ್ರ. ಹಾಗಾಗಿ ಯಾವ ದೇವರಿಗೆ ಕೈಮುಗಿಯುವವರಾದರೂ ಸರಿ, ಹೊಲಕ್ಕೆ ಬುತ್ತಿ ಒಯ್ಯಲು, ನಾಲೆಯ ನೀರು ತಿರುಗಿಸಲು ಊರಿನವರೆಲ್ಲ ಆ ಗಂಟೆಯನ್ನೇ ನಂಬಿದ್ದರು.

ಆಗಿನ ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಫ್ರಾನ್ಸ್ ದೇಶದವರು. ಎದೆಯವರೆಗೆ ಬಿಳಿಯ ಗಡ್ಡ, ಕಾಲಲ್ಲಿ ಮಳವಳ್ಳಿಯ ಚಪ್ಪಲಿ. ನಮ್ಮೂರಿಗೆ ಬಂದು ಎಷ್ಟೋ ವರ್ಷವಾಗಿ, ಮುದ್ದೆಯನ್ನು ನಮಗಿಂತ ಚೆನ್ನಾಗಿ ನುಂಗುತ್ತಿದ್ದರು. ಯುದ್ಧ ಶುರುವಾದ ಮೇಲೆ ಅವರ ಊರಿನಿಂದ ಕಾಗದ ಬರುವುದು ನಿಂತುಹೋಗಿತ್ತು. ಟಪಾಲಿನವನು ರಸ್ತೆಯಲ್ಲಿ ಹಾದುಹೋಗುವಾಗ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಶಾಲೆ ನಡೆಸುತ್ತಿದ್ದವರು ಉಪದೇಶಿ ಮೇಷ್ಟ್ರು. ಉಪದೇಶಿ ಎಂದರೆ ನಮಗೆ ಜಪ, ಕಟ್ಟಳೆ ಕಲಿಸುವವರು. ಅವರೇ ಅಕ್ಷರವನ್ನೂ ಕಲಿಸುತ್ತಿದ್ದರು, ಗಂಟೆಯನ್ನೂ ಹೊಡೆಯುತ್ತಿದ್ದರು. ಬಡಕಲು ಆಸಾಮಿ, ಬೈಯುವುದಕ್ಕೂ ಸಂಕೋಚ. ಪಾಪ, ಅವರ ಬೆತ್ತವನ್ನು ಅಡಗಿಸಿಟ್ಟರೆ ಇಡೀ ವಾರ ಅದನ್ನು ಹುಡುಕುತ್ತಲೇ ಇರುತ್ತಿದ್ದರು.

ನಮ್ಮಲ್ಲಿ ಇದ್ದದ್ದು ಮೂರನೇ ತರಗತಿಯವರೆಗೆ. ನಾನು ಆಗ ಮೂರನೆಯದರಲ್ಲಿದ್ದೆ. ನಾಲ್ಕನೆಯದು ಬೇಕಾದರೆ ಮಳವಳ್ಳಿಗೇ ಹೋಗಬೇಕು. ಗಂಡುಹುಡುಗರು ನಡೆದು ಹೋಗುತ್ತಿದ್ದರು, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಅಜ್ಜಿಯದಂತೂ ಒಂದೇ ಹಟ.

"ಮೂರ್ನೇ ಕಿಲಾಸು ಸಾಕು ಕಣೆ. ಜಪದ ಪುಸ್ತಕ ಓದಕ್ ಬತ್ತದಲ್ಲ, ಇನ್ನೇನ್ ಬೇಕು? ಒಟ್ಟೆಗ್ ಇಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವಂತೆ. ನಿಮ್ಮವ್ವ ಗದ್ದೆಗೋದ್ರೆ ಈ ಮಗೀನ್ ನೋಡ್ಕಳೋರ್ ಯಾರು? ನನ್ ಮಂಡಿ ಸೋತೋಗವೆ."

ಮಗು ಎಂದರೆ ನನ್ನ ತಮ್ಮ. ನಾಲ್ಕು ವರ್ಷ ದಾಟಿದ್ದರೂ ನೆಲಕ್ಕೆ ಕಾಲಿಡದ ಮಹಾರಾಯ. ನನ್ನ ಸೊಂಟವೇ ಅವನ ಸಿಂಹಾಸನ. ಅಪ್ಪ ಶಿವನಸಮುದ್ರದಲ್ಲಿ ತಂತಿಯ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಅತ್ತ ತಾಯಿ, ಇತ್ತ ಅಳುವ ಮಗಳು. ಕೊನೆಗೆ ಒಂದು ತೀರ್ಪು ಕೊಟ್ಟ. "ಊರಲ್ಲೇ ನಾಲ್ಕ್ನೇದು ಬಂದ್ರೆ ಓದ್ಲಿ. ಇಲ್ದಿದ್ರೆ ಅವ್ವ ಯೋಳ್ದಂಗೆ." ನಾನು ಅಂದಿನಿಂದ ನಾಲ್ಕನೇ ತರಗತಿಗಾಗಿ ದಿನಕ್ಕೊಂದು ಜಪಸರ ಮುಗಿಸತೊಡಗಿದೆ. ಅಜ್ಜಿಯ ಪಕ್ಕದಲ್ಲೇ ಮಂಡಿಯೂರಿ, ಅವಳ ಇಷ್ಟಕ್ಕೆ ವಿರುದ್ಧವಾಗಿ ಅವಳ ದೇವರನ್ನೇ ಬೇಡಿಕೊಳ್ಳುವುದರಲ್ಲಿ ನನಗೊಂದು ಖುಷಿಯೂ ಇತ್ತು.

ನಾಲ್ಕನೇ ತರಗತಿಗೆ ಸರ್ಕಾರದ ಮಂಜೂರಾತಿ ಬೇಕಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಮೂವತ್ತು ಮಕ್ಕಳು ಅವರ ಕಣ್ಣೆದುರು ಕೂತಿರಬೇಕು, ಅಷ್ಟೇ. ಹಿಂದಿನ ವರ್ಷ ಅವರು ರಾಗಿ ಕುಯ್ಲಿನಲ್ಲಿ ಬಂದಿದ್ದರು. ಹಾಜರಿ ಪುಸ್ತಕದಲ್ಲಿ ಮೂವತ್ತಮೂರು ಹೆಸರು, ನೆಲದ ಮೇಲೆ ಹದಿನಾಲ್ಕು ತಲೆ. ಈ ಸಲವೂ ಹೀಗೇ ಆದರೆ ಮತ್ತೆ ಅರ್ಜಿ ಹಾಕಬೇಡಿ ಎಂದು ಕಡಾಖಂಡಿತವಾಗಿ ಬರೆದು ಹೋಗಿದ್ದರು. ಈ ಸಲ ಬರುವ ದಿನವನ್ನು ಕಾರ್ಡಿನಲ್ಲಿ ತಿಳಿಸಿದರು. ನೋಡಿದರೆ ಅದು ಪವಿತ್ರ ಗುರುವಾರ, ಏಸು ಶಿಲುಬೆಗೇರಿದ ಪಾಡಿನ ಶುಕ್ರವಾರದ ಹಿಂದಿನ ದಿನ. ಆ ದಿನ ಬೇಡ ಎಂದು ಬರೆಯಲು ಮೇಷ್ಟ್ರಿಗೆ ಕೈ ಬರಲಿಲ್ಲ. ಸರ್ಕಾರಕ್ಕೆ ಬೇಡ ಎನ್ನುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ನಮ್ಮಲ್ಲಿ ಆ ಗುರುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಎಲ್ಲ ಗಂಟೆಗಳನ್ನೂ ಕೈ ಸೋಲುವವರೆಗೆ ಬಾರಿಸುತ್ತಾರೆ. ಅದಾದ ಮೇಲೆ ಶನಿವಾರದ ಗ್ಲೋರಿಯಾವರೆಗೆ ಗಂಟೆ ಮುಟ್ಟುವಂತಿಲ್ಲ. ದೇವರು ಸತ್ತ ದಿನಗಳಲ್ಲಿ ಗಂಟೆಗೆ ದನಿ ಇರಬಾರದು. ಬದಲಿಗೆ ಹಿಡಿ ಇರುವ ಒಂದು ಮರದ ಹಲಗೆ, ಅದಕ್ಕೆ ಸಡಿಲವಾಗಿ ಕಟ್ಟಿದ ಇನ್ನೊಂದು ತುಂಡು; ಅಲುಗಿಸಿದರೆ ಟಕಟಕ ಎನ್ನುತ್ತದೆ. ಮಕ್ಕಳಿಗೆ ಇದನ್ನು ಹೇಗೆ ತಿಳಿಸುವುದು? ಸ್ವಾಮಿಗಳು ತಮ್ಮ ಊರಿನಲ್ಲಿ ಮಕ್ಕಳಿಗೆ ಹೇಳುವ ಕಥೆಯನ್ನೇ ಇಡೀ ಶಾಲೆಗೆ ಹೇಳಿದ್ದರು: ಗಂಟೆಗಳೆಲ್ಲ ರೋಮಿಗೆ ಹೋಗುತ್ತವೆ, ಶನಿವಾರ ವಾಪಸು ಬರುತ್ತವೆ. ಇಲ್ಲೇ ತೂಗ್ತಾ ಇದೆಯಲ್ಲ ಸ್ವಾಮಿ ಎಂದು ಒಬ್ಬ ಕೇಳಿದ್ದಕ್ಕೆ, ಅದು ಬರಿಯ ಮೈ, ಜೀವ ಹೋಗಿದೆ ಎಂದರು. ಯುದ್ಧ ನಡೀತಿರುವಾಗ ರೋಮಿಗೆ ಹೇಗೆ ಹೋಗುತ್ತೆ ಎಂದು ಬೇಸಾಯಗಾರರ ಮಕ್ಕಳು ಎರಡು ದಿನ ಚರ್ಚೆ ಮಾಡಿದರು. ಮಳವಳ್ಳಿ ಬಸ್ಸಿನಲ್ಲಂತೂ ಹೋಗಿರಲಾರದು, ಅದು ಹಲಗೂರನ್ನೇ ಸರಿಯಾಗಿ ಮುಟ್ಟುವುದಿಲ್ಲ ಎಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಗ್ಲೋರಿಯಾದ ಗಂಟೆ ಮೊಳಗಿದ್ದೇ ತಡ, ಇನ್ಸ್‌ಪೆಕ್ಟರ್ ಬಂದೇಬಿಟ್ಟರೆಂದುಕೊಂಡು ಮಕ್ಕಳೆಲ್ಲ ಓಡಿ ಬಂದರು. ತಲೆಗೆ ಎಣ್ಣೆ ಸುರಿದುಕೊಂಡು, ಒಗೆದ ಅಂಗಿ ಹಾಕಿಕೊಂಡು ಮೂವತ್ತೊಂದು ಜನ. ಚರ್ಚಿನ ಒಳಗೆ ಇಡೀ ದಿನ ಆರಾಧನೆ ಇದ್ದುದರಿಂದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದರು. ಮೇಷ್ಟ್ರು ನಾಲ್ಕು ಸಲ ಎಣಿಸಿದರು, ನಾಲ್ಕು ಸಲವೂ ಮೂವತ್ತೊಂದೇ. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಮೊದಲು ಕಂಡಿರಲಿಲ್ಲ.

ಸಾಹೇಬರು ಬರಲಿಲ್ಲ. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಬಸ್ಸಿನ ಹಿಂದೆ ಒಂದು ಒಲೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕು. ಆವತ್ತು ಅದು ಮದ್ದೂರಿನಿಂದ ಈಚೆ ಎಲ್ಲೋ ಉಸಿರು ಬಿಟ್ಟು ನಿಂತಿದೆಯೆಂದು ಸೈಕಲ್ಲಿನಲ್ಲಿ ಬಂದವನೊಬ್ಬ ಹೇಳಿ ಹೋದ. ಬಿಸಿಲು ನೆತ್ತಿಗೆ ಬಂತು, ಸಣ್ಣವರು ಹಸಿವೆಯಿಂದ ಮುಲುಗತೊಡಗಿದರು. ಮೇಷ್ಟ್ರು ಐದಾರು ವರ್ಷದಿಂದ ದಿನವೂ ಹೇಳುತ್ತಿದ್ದ ಮಾತನ್ನೇ ಆವತ್ತೂ ಹೇಳಿದರು.

"ಹೋಗಿ ಊಟ ಮಾಡ್ಕೊಂಡು ಬನ್ನಿ. ಮಧ್ಯಾಹ್ನದ ಗಂಟೆ ಹೊಡೆದ ತಕ್ಷಣ ಓಡಿ ಬರಬೇಕು, ತಿಳೀತಾ?"

ತಿಳೀತು ಸಾ ಎಂದು ಎಲ್ಲರೂ ಓಡಿದರು. ಹೇಳಿದ ಅವರಿಗೂ ಹೊಳೆಯಲಿಲ್ಲ, ಕೇಳಿದ ನನಗೂ ಹೊಳೆಯಲಿಲ್ಲ. ಬೇರೆ ಯಾವ ಊರಿನ ಯಾವ ಮೇಷ್ಟ್ರೂ ಮಾಡಲಾರದ ತಪ್ಪು ಅದು.

ಎರಡು ಗಂಟೆ ದಾಟಿದ ಮೇಲೆ ಸಾಹೇಬರು ಬಂದರು. ಜರಿಯ ಪೇಟ, ಮುಚ್ಚು ಕೋಟು, ಮುಖದ ತುಂಬ ಇದ್ದಿಲಿನ ಮಸಿ. ಬಸ್ಸು ತಳ್ಳುವವರಲ್ಲಿ ಅವರೂ ಒಬ್ಬರಾಗಿದ್ದರು, ಹಾಗಾಗಿ ಮನಸ್ಸು ಅಷ್ಟೇನೂ ಹದವಾಗಿರಲಿಲ್ಲ. ನಾಲ್ಕು ಗಂಟೆಗೆ ಅದೇ ಬಸ್ಸು ವಾಪಸು, ತಪ್ಪಿದರೆ ಮರುದಿನವೇ. ಆರಾಧನೆಗೆ ತಾಯಂದಿರ ಜೊತೆ ಬಂದಿದ್ದ ನಮ್ಮ ಮನೆಗಳ ಮಕ್ಕಳನ್ನು ಮೇಷ್ಟ್ರು ಒಳಗಿನಿಂದ ಕರೆತಂದು ಕೂರಿಸಿದರು. ನಾನೂ ಸೇರಿ ಹನ್ನೊಂದು.

"ಏನು ಮೇಷ್ಟ್ರೇ, ಇಷ್ಟೇನಾ?"

"ಇಲ್ಲ ಸ್ವಾಮಿ, ಗಂಟೆ ಹೊಡೆದರೆ ಎಲ್ಲ..." ಎನ್ನುತ್ತ ಮೇಷ್ಟ್ರು ಹಗ್ಗಕ್ಕೆ ಕೈ ಹಾಕಿದವರು ಅಲ್ಲೇ ಕಲ್ಲಾದರು. ಆಗ ಹೊಳೆಯಿತು ಅವರಿಗೆ. ನನಗೂ.

ಸ್ವಾಮಿಗಳ ಹತ್ತಿರ ಓಡಿದರು. ನಾನೂ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಹೋದೆ. ಒಂದೇ ಒಂದು ಸಲ ಹೊಡೆಯಲು ಅಪ್ಪಣೆ ಕೊಡಿ ಎಂದು ಮೇಷ್ಟ್ರು ಕೈಮುಗಿದರು. ಸ್ವಾಮಿಗಳು ಗಡ್ಡ ನೀವಿಕೊಂಡರು.

"ಆ ಗಂಟೆಗೆ ನಾನು ಯಜಮಾನ ಅಲ್ಲ, ಉಪದೇಶಿಯವರೇ. ಇವತ್ತು ನಾನೇ ಅದನ್ನು ಹೊಡೆಸಿದರೆ, ನಾಳೆ ಯಾರಿಗೆ ಏನು ಕಲಿಸಲಿ?" ಎಂದರು. ಆಮೇಲೆ ಸುಮ್ಮನೆ ಕೂರಲೂ ಆಗದೆ ಆ ಮರದ ಟಕಟಕವನ್ನು ತೆಗೆದುಕೊಂಡು, ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ತಾವೇ ಬೀದಿಗಿಳಿದರು. ಹಿಂದೆ ನಾಲ್ಕು ನಾಯಿಗಳು. ಊರಿನವರು ಅದನ್ನು ಕೇಳಿ ತೋಪಿನಲ್ಲಿ ಯಾರೋ ಮಾವಿನಕಾಯಿಗೆ ಬಿದ್ದ ಮಂಗಗಳನ್ನು ಓಡಿಸುತ್ತಿದ್ದಾರೆ ಎಂದುಕೊಂಡು ಮಗ್ಗುಲಾದರು.

ನಾನು ಇನ್ನೊಂದು ಬೀದಿ ಹಿಡಿದೆ. ಬಾವಿಯಲ್ಲಿ ಈಜುತ್ತಿದ್ದ ಒಬ್ಬನನ್ನು, ಇಸ್ಕೂಲಿಗೆ ಬಾರೋ, ಸಾಹೇಬ್ರು ಬಂದವ್ರೆ ಎಂದು ಕೂಗಿದೆ. ಅವನು ನೀರಿನಿಂದ ತಲೆ ಎತ್ತಿ, "ಗಂಟೆ ರೋಮಿಗೋಗದೆ ಕಣೆ, ಸನಿವಾರದ್ ಗಂಟ ರಜ. ನಿಂಗ್ ಗೊತ್ತಿಲ್ವಾ?" ಎಂದು ನನಗೇ ಬುದ್ಧಿ ಹೇಳಿ ಮತ್ತೆ ಮುಳುಗಿದ. ಎರಡು ಮನೆಗಳಲ್ಲಿ ಇದೇ ಉತ್ತರ. ಸ್ವಾಮಿಗಳ ಕಥೆಯನ್ನು ನಮ್ಮವರಿಗಿಂತ ಅವರೇ ಗಟ್ಟಿಯಾಗಿ ನಂಬಿದ್ದರು. ನನಗೆ ಅಳು ಬಂತು. ತಮ್ಮ ಬೇರೆ ಕಲ್ಲಿನಂತೆ ತೂಗುತ್ತಿದ್ದ. ಇನ್ನು ಮೇಲೆ ಬದುಕೆಲ್ಲ ಇವನನ್ನು ಹೊತ್ತುಕೊಂಡು ತಿರುಗುವುದೇ ಎಂದುಕೊಂಡು ಮಾರಮ್ಮನ ಗುಡಿಯ ಮುಂದೆ ನಿಂತು ಅತ್ತುಬಿಟ್ಟೆ.

ಗುಡಿಯ ಪೂಜಾರಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಮೊಮ್ಮಗನೂ ನಮ್ಮ ಶಾಲೆಯವನೇ.

"ಯಾಕವ್ವ, ಮಗೀನ್ ಎತ್ಕಂಡು ಅಳ್ತಾ ನಿಂತಿದ್ದೀಯ? ಯಾರಾರ ಓಗ್ಬುಟ್ರಾ?"

ಬಿಕ್ಕುತ್ತಲೇ ಎಲ್ಲ ಹೇಳಿದೆ. ಅವನು ಹಗ್ಗವನ್ನು ಕೆಳಗಿಟ್ಟ.

"ನಿಮ್ ಗಂಟೆ ಸನಿವಾರದ್ ಗಂಟ ಒಡೀಬಾರ್ದಾ?"

"ಒಡೀಬಾರ್ದು."

"ನಮ್ಮಮ್ಮಂಗೆ ಅಂಗೇನಿಲ್ಲ ಕಣವ್ವ" ಎಂದವನೇ ಎದ್ದು ಹೋಗಿ ಗುಡಿಯ ಗಂಟೆಯನ್ನು ಹಿಡಿದು ಢಣಢಣ ಬಾರಿಸತೊಡಗಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಕಣ್ಣೆದುರಿಗೇ ಆ ಗಾದೆ ತಿರುಗಿಬಿತ್ತು.

ಹೊತ್ತಲ್ಲದ ಹೊತ್ತಿನಲ್ಲಿ ಆ ಗಂಟೆ ಬಾರಿಸಿತೆಂದರೆ ಯಾರದೋ ಹರಕೆ ಪೂಜೆ, ಪ್ರಸಾದದ ಚರುಪು ಹಂಚುತ್ತಾರೆ ಎಂದು ಊರಿನ ಮಕ್ಕಳಿಗೆಲ್ಲ ಗೊತ್ತು. ಬಾವಿಯಿಂದ, ತೋಪಿನಿಂದ, ಕಬ್ಬಿನ ಗದ್ದೆಯಿಂದ ಎದ್ದುಬಿದ್ದು ಬಂದರು. ಈಜುತ್ತಿದ್ದವನು ಒದ್ದೆ ಚಡ್ಡಿಯಲ್ಲೇ ಬಂದು ಮೊದಲು ಕೈ ಒಡ್ಡಿದ. ಪೂಜಾರಪ್ಪ ಯಾರಿಗೂ ಒಂದು ಕಾಳು ಕೊಡಲಿಲ್ಲ. ಮನೆಯಿಂದ ಒಂದು ಕುಕ್ಕೆ ಪುರಿಕಡಲೆ ತರಿಸಿ ತಲೆಯ ಮೇಲಿಟ್ಟುಕೊಂಡು, "ಇವತ್ತು ಇಸ್ಕೂಲ್ತಾವ ಕೊಡ್ತೀನಿ, ನಡೀರ್ಲಾ" ಎಂದು ಮುಂದೆ ಹೊರಟ. ಹಿಂದೆ ಹಿಂಡು. ದಾರಿಯಲ್ಲಿ ಸ್ವಾಮಿಗಳೂ ಟಕಟಕ ಕಂಕುಳಲ್ಲಿ ಇಟ್ಟುಕೊಂಡು, ಒಬ್ಬನೂ ಸಿಗದೆ ಬೆವರುತ್ತ ಸೇರಿಕೊಂಡರು.

ಅಷ್ಟು ಮಕ್ಕಳು ಒಂದೇ ಸಲ ಅಂಗಳಕ್ಕೆ ನುಗ್ಗಿ ಸಾಹೇಬರ ಮುಂದೆ ಕೈ ಚಾಚಿ ನಿಂತಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಪೂಜಾರಪ್ಪ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ಹಿಡಿ ಹಾಕಿದ. ಕೊನೆಗೆ ಸಾಹೇಬರಿಗೂ ಹಾಕಿದ. ಬೆಳಗಿನಿಂದ ಉಪವಾಸ ಇದ್ದ ಮನುಷ್ಯ, ಒಂದು ಕಾಳೂ ಬಿಡದೆ ತಿಂದರು. ಆಮೇಲೆ ಪೆನ್ನು ತೆಗೆದು ಎಣಿಸಿದರು.

ಇಪ್ಪತ್ತೊಂಬತ್ತು.

ಇನ್ನೊಮ್ಮೆ ಎಣಿಸಿದರು. ಬೆಳಿಗ್ಗೆ ಇದ್ದ ಅಣ್ಣತಮ್ಮ ಇಬ್ಬರು ಊಟ ಮಾಡಿದವರೇ ಬಂಡೂರಿನ ನೆಂಟರ ಮನೆಗೆ ಗಾಡಿ ಹತ್ತಿದ್ದರು. ಮೇಷ್ಟ್ರು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಒಂದು ಕಮ್ಮಿ ಇದೆ ಮೇಷ್ಟ್ರೇ. ಕಣ್ಣಿಗೆ ಕಂಡಷ್ಟನ್ನೇ ನಾನು ಬರೆಯಬೇಕು. ನನ್ನ ಕೈಲಿ ಏನೂ ಇಲ್ಲ" ಎಂದರು ಸಾಹೇಬರು. ಆ ದನಿಯಲ್ಲಿ ಕೋಪ ಇರಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

ಗದ್ದಲ ಕೇಳಿ ಚರ್ಚಿನ ಒಳಗಿದ್ದ ಹೆಂಗಸರು ಆಗಲೇ ಹೊರಗೆ ಬಂದು ನಿಂತಿದ್ದರು. ಅವರ ನಡುವೆ ಅಜ್ಜಿ, ಕೈಯಲ್ಲಿ ಜಪಸರ. ನಾನು ಅವಳ ಮುಖವನ್ನೇ ನೋಡಿದೆ. ಅವಳು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು, ಗೆದ್ದಿದ್ದಳು. ಅವಳ ಮೇಲೆ ಆ ಕ್ಷಣದಲ್ಲಿ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಅಜ್ಜಿ ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂಟುತ್ತ ಬಂದಳು. ನನ್ನ ಕಂಕುಳಿನಿಂದ ತಮ್ಮನನ್ನು ಕಿತ್ತು ಸಾಲಿನ ಕೊನೆಯಲ್ಲಿ ಕುಕ್ಕರಿಸಿದಳು.

"ಇವನ್ನೂ ಬರ್ಕಳಿ ಸೋಮಿ."

"ವಯಸ್ಸೆಷ್ಟಮ್ಮ? ಐದು ತುಂಬಿರಬೇಕು."

"ತುಂಬೈತೆ."

ಏಸುವಿನ ಪಾಡಿನ ವಾರದಲ್ಲಿ, ಆಗತಾನೆ ಆರಾಧನೆಯಿಂದ ಎದ್ದು ಬಂದ ಹೆಂಗಸು! ತಮ್ಮನಿಗೆ ಜ್ಞಾನಸ್ನಾನ ಕೊಟ್ಟು ಹೆಸರಿಟ್ಟ ಸ್ವಾಮಿಗಳು ಅಲ್ಲೇ ನಿಂತಿದ್ದರು. ಹುಟ್ಟಿದ ದಿನವನ್ನು ತಮ್ಮ ಕೈಯಾರೆ ಪುಸ್ತಕದಲ್ಲಿ ಬರೆದವರು ಅವರೇ. ಅಜ್ಜಿ ಅವರ ಕಡೆಗೆ ಒಂದು ನೋಟ ಬೀರಿದಳು. ಸ್ವಾಮಿಗಳು ತಲೆ ಎತ್ತಿ ಹೊಂಗೆಯ ಹೂವನ್ನು ಪರೀಕ್ಷಿಸತೊಡಗಿದರು.

ಸಾಹೇಬರು ಎಲ್ಲ ಕಡೆ ಮಾಡುವ ಪರೀಕ್ಷೆಯನ್ನೇ ಮಾಡಿದರು. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಎಂದರು. ತಮ್ಮನ ಬೆರಳು ಕಿವಿಗೆ ಒಂದು ಅಂಗುಲ ಮೇಲೆಯೇ ನಿಂತಿತು. ಅಜ್ಜಿ ಅವನ ತಲೆ ಸವರುವ ನೆಪದಲ್ಲಿ ಕತ್ತನ್ನು ಚೂರು ವಾಲಿಸಿದಳು. ಮುಟ್ಟಿತು. ಸಾಹೇಬರು ಅದನ್ನು ಕಂಡರೋ ಇಲ್ಲವೋ, ಕಾಗದದ ಮೇಲೆ ಮೂವತ್ತು ಎಂದು ಬರೆದು, ಪುರಿಯ ಕೈಯನ್ನು ಝಾಡಿಸಿಕೊಂಡು ಬಸ್ಸಿಗೆ ಹೊರಟರು.

ಮನೆಗೆ ನಡೆಯುವಾಗ ನಾನು ಅವಳ ಸೆರಗು ಹಿಡಿದು, ಯಾಕಜ್ಜಿ ಎಂದು ಕೇಳಿದೆ.

"ಆ ಪೂಜಾರಪ್ಪ ತನ್ ಗುಡಿ ಗಂಟೆ ಒಡ್ದು ಊರ್ ಮಕ್ಳುನ್ನೆಲ್ಲ ತಂದ್ ಕುಂಡ್ರುಸ್ದ. ಒಂದ್ ತಲೆ ಕಮ್ಮಿ ಬಿದ್ದಾಗ ಮನೇಲ್ ಮಗೀನ್ ಇಟ್ಕಂಡೂ ನಾವ್ ಕೊಡ್ನಿಲ್ಲ ಅನ್ನಿಸ್ಕಳಾದಾ? ನಿಂಗೋಸ್ಕರ ಅಲ್ಲ ಕಣೆ, ಸುಮ್ಕೆ ನಡಿ."

ಮರುದಿನ ಪಾಪನಿವೇದನೆಗೆ ನಿಂತವರಲ್ಲಿ ಅವಳೇ ಮೊದಲಿಗಳು. ಒಳಗೆ ಸ್ವಾಮಿಗಳ ಮುಂದೆ ತಪ್ಪೊಪ್ಪಿಕೊಂಡು ಬಂದವಳು ಮೂರು ಜಪಸರ ಮುಗಿಸುವವರೆಗೆ ನೆಲ ಬಿಟ್ಟು ಏಳಲಿಲ್ಲ.

ಮುಂಗಾರಿನ ಹೊತ್ತಿಗೆ ಮಂಜೂರಾತಿ ಬಂತು. ನಾಲ್ಕನೇ ತರಗತಿಯಲ್ಲಿ ಮೂರೇ ಜನ, ಇಬ್ಬರು ಹುಡುಗರು ಮತ್ತು ನಾನು. ತಮ್ಮ ಸಣ್ಣ ತರಗತಿಯಲ್ಲಿ ಕೂತು ಮೊದಮೊದಲು ಊರು ಒಂದಾಗುವಂತೆ ಅಳುತ್ತಿದ್ದ. ಅಜ್ಜಿ ಬಾಗಿಲ ಬಳಿ ಕೂತು ಕಣ್ಣು ಬಿಟ್ಟು ಅವನನ್ನು ಹೆದರಿಸುತ್ತಿದ್ದಳು, ಆಮೇಲೆ ಸರಿಹೋದ. ನನಗೆ ಶಾಲೆಯ ಆಚೆ ಏನೂ ಕಾಣುತ್ತಿರಲಿಲ್ಲ. ಭೂಗೋಳ ಬಂದಿತ್ತು, ಭಿನ್ನರಾಶಿ ಬಂದಿತ್ತು, ನನ್ನಷ್ಟು ತಿಳಿದವರು ಊರಲ್ಲೇ ಇಲ್ಲ ಎನ್ನುವ ಗತ್ತು ಬಂದಿತ್ತು. ಅವ್ವ ಕೋಳಿ ಕೂಗುವ ಮುಂಚೆ ನಾಟಿಗೆ ಹೋಗಿರುತ್ತಿದ್ದಳು. ನಾನು ಎದ್ದು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ನೀರು ತುಂಬಿರುತ್ತಿತ್ತು, ಬೀಸುವ ಕಲ್ಲಿನ ಪಕ್ಕ ಮೊರದ ತುಂಬ ರಾಗಿಹಿಟ್ಟು ಇರುತ್ತಿತ್ತು. ಬೀಸಬೇಕಾದರೆ ಕಾಲು ಚಾಚಿ ನೆಲದಲ್ಲಿ ಕೂರಬೇಕು, ಕೂತರೆ ಮಂಡಿ ಊರಿ ಏಳಬೇಕು. ಇಡೀ ವರ್ಷ ಅದನ್ನು ಬೀಸಿದವರು ಯಾರೆಂದು ನಾನು ಒಂದು ದಿನವೂ ಕೇಳಲಿಲ್ಲ.